ಎಂಟು ತಿಂಗಳ ವಿದ್ಯಾರ್ಥಿಗೆ ಒಂದು ಕೌದಿ

ಈ ಸಂಚಿಕೆಗೆ ಇಂಟರ್ನ್‌ಶಿಪ್ ಅನುಭವ ಬರೆದುಕೊಡಿ ಎಂದು ಮೇಡಂ ಕೇಳಿದಾಗ ‘ಎಂಟನೆಯ ತರಗತಿಗೆ ಶಬ್ದ ಪಾಠ ಬೋಧಿಸಿದ ಬಗೆ’ ಎಂದು ಶೀರ್ಷಿಕೆ ಕೊಟ್ಟು ಬಂದಿದ್ದೆ. ಬರೆಯಲು ಕೂತರೆ ಆ ಪಾಠದ ಜೊತೆಗೆ ಒಂದು ಕೌದಿಯೂ ಬಂತು. ಕೌದಿಯನ್ನು ಬಿಟ್ಟು ಬರೆದರೆ ಪಾಠದಲ್ಲಿ ನಾನು ಮಾಡಿದ ತಪ್ಪು ಪೂರ್ತಿ ಹೇಳಿದಂತಾಗುವುದಿಲ್ಲ. ಆದ್ದರಿಂದ ಎರಡನ್ನೂ ಬರೆಯುತ್ತಿದ್ದೇನೆ. ಕೌದಿ ನಮ್ಮ ಅಕ್ಕನ ಮಗು ಭಾನುವಾರದ ಆರಾಧನೆಯಲ್ಲಿ ಕೂತು ಆಡಲೆಂದು ಹೊಲಿದದ್ದು. ಎರಡು ವರ್ಷದ ಬಿ.ಇಡಿ.ಯಲ್ಲಿ ನಾನು ಅತಿ ಹೆಚ್ಚು ಸಲ ತಿದ್ದಿದ ಪಾಠಯೋಜನೆ ಅದು. ಅದಕ್ಕೆ ಅಂಕವಿರಲಿಲ್ಲ.

ನಮ್ಮೂರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನದು. ಮನೆಯ ಅಟ್ಟದ ಮೇಲೆ ಕೊಬ್ಬರಿ, ಹಿತ್ತಿಲಲ್ಲಿ ಮಟ್ಟೆಯ ರಾಶಿ, ಸುತ್ತ ತೋಟ. ನಾವು ಸಿ.ಎಸ್.ಐ. ಸಭೆಯವರು. ‘ನಿಮ್ಮೂರಲ್ಲೂ ಚರ್ಚ್ ಇದೆಯಾ?’ ಎಂದು ತಿಪಟೂರಿನ ಸಹಪಾಠಿಗಳೇ ನನ್ನನ್ನು ಕೇಳುತ್ತಾರೆ. ಇದೆ, ಹೊಸದೂ ಅಲ್ಲ. ಪಕ್ಕದ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ ಕೆಲಸ ಶುರುವಾದದ್ದು 1830ರ ದಶಕದಲ್ಲಿ. ಅಲ್ಲಿದ್ದ ವಿಲಿಯಂ ಆರ್ಥರ್ ಎಂಬ ಮಿಷನರಿ ಮೈಸೂರು ಸೀಮೆಯ ಬಗ್ಗೆ ಬರೆದ ಪುಸ್ತಕ 1847ರಲ್ಲೇ ಅಚ್ಚಾಗಿದೆ. 1947ರ ಸೆಪ್ಟೆಂಬರ್ 27ರಂದು ಹಲವು ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾದಾಗ ಆ ಪರಂಪರೆಯವರೂ ಅದರೊಳಗೆ ಬಂದರು. ನಮ್ಮದು ಹೆಂಚಿನ ಮಾಡಿನ ಒಂದು ಚಿಕ್ಕ ದೇವಾಲಯ. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ ಜಮಖಾನದ ಮೇಲೆ ಕೂರುತ್ತಾರೆ. ಆರಾಧನೆ ಒಂದೂವರೆ ಗಂಟೆ, ಅದರಲ್ಲಿ ಪ್ರಸಂಗವೇ ಮುಕ್ಕಾಲು ಗಂಟೆ. ಅಯ್ಯನವರು ಒಳ್ಳೆಯವರು, ಆದರೆ ‘ಕೊನೆಯದಾಗಿ’ ಎಂದ ಮೇಲೆ ಇನ್ನೂ ಹದಿನೈದು ನಿಮಿಷ ಇರುತ್ತದೆ.

ಅಕ್ಕನಿಗೆ ಮದುವೆಯಾಗಿ ಏಳು ವರ್ಷಕ್ಕೆ ಹುಟ್ಟಿದ ಮಗು. ಎರಡು ಸಲ ಬಸಿರು ನಿಂತಿರಲಿಲ್ಲ. ಭಾವ ಬೆಂಗಳೂರಿನಲ್ಲಿ ಲಾರಿ ಓಡಿಸುತ್ತಾರೆ. ಬಾಣಂತನಕ್ಕೆ ಬಂದ ಅಕ್ಕ ನಮ್ಮಲ್ಲೇ ಉಳಿದಳು. ಪಾಪುವಿನ ದೀಕ್ಷಾಸ್ನಾನದ ದಿನ ಸಭೆಯವರೆಲ್ಲ ಎದ್ದುನಿಂತು ಅವನನ್ನು ಸ್ವಾಗತಿಸಿದ್ದರು. ಕೆಲವರು ಅತ್ತರು. ಅದಾದ ಮೂರು ತಿಂಗಳಿಗೆ, ಆಗಸ್ಟ್‌ನ ಒಂದು ಭಾನುವಾರ, ಪ್ರಸಂಗದ ನಡುವೆ ಪಾಪು ಕಿರುಚಿದ. ಅಳು ಅಲ್ಲ. ಆರು ತಿಂಗಳ ಮಕ್ಕಳಿಗೆ ತಮ್ಮ ಗಂಟಲಿನಲ್ಲಿ ಹೊಸ ಸ್ವರ ಸಿಕ್ಕಾಗ ಬರುವ ಕೂಗು ಅದು. ಅಕ್ಕ ತೊಡೆ ಕುಣಿಸಿದಳು, ಬಳೆ ಕೊಟ್ಟಳು, ಹಾಲೂಡಿಸಿದಳು. ಅವನು ಇನ್ನೂ ಜೋರಾಗಿ ಕೂಗಿದ. ಹಿರಿಯ ಅಜ್ಜಿಯೊಬ್ಬರು ತಿರುಗಿ, “ಆಚೆ ಕರ್ಕೊಂಡು ಹೋಗವ್ವ, ವಾಕ್ಯ ಕೇಳಕ್ಕಾಗಲ್ಲ” ಎಂದರು. ಅವರು ಹೇಳಿದ್ದು ಮೆಲ್ಲಗೇ. ಆದರೆ ಆಗ ಎಲ್ಲರೂ ತಿರುಗಿ ನೋಡಿದರು. ಮುಂದಿನ ಸಾಲಿನಲ್ಲಿ ಗಾಯನದವರ ಜೊತೆ ಕೂತಿದ್ದ ನಾನೂ ನೋಡಿದೆ. ನನ್ನ ಮುಖದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಅಕ್ಕ ನೋಡಿದ್ದು ಬೇರೆ ಯಾರನ್ನೂ ಅಲ್ಲ, ನನ್ನನ್ನು.

ಆಮೇಲೆ ಎರಡು ವಾರ ಅವಳು ಹೊರಗಿನ ಮೆಟ್ಟಿಲ ಮೇಲೆ ಕೂತಳು. ಮೂರನೆಯ ವಾರ, “ಪಾಪುಗೆ ನೆಗಡಿ ಕಣೇ, ನೀವು ಹೋಗ್ಬನ್ನಿ” ಎಂದಳು. ಆ ನೆಗಡಿ ಎರಡು ತಿಂಗಳು ಬಿಡಲಿಲ್ಲ.

ಅದೇ ಹೊತ್ತಿನಲ್ಲಿ ನನ್ನ ಇಂಟರ್ನ್‌ಶಿಪ್. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯ ಒಂದು ಸರ್ಕಾರಿ ಪ್ರೌಢಶಾಲೆಗೆ ನನ್ನನ್ನು ಹಾಕಿದ್ದರು. ಕಾಲೇಜಿನಿಂದ ಸರ್ ವೀಕ್ಷಣೆಗೆ ಬಂದ ದಿನ ನನಗೆ ಸಿಕ್ಕಿದ್ದು ಎಂಟನೆಯ ತರಗತಿಯ ‘ಶಬ್ದ’. ರಾತ್ರಿ ಒಂದು ಗಂಟೆಯವರೆಗೆ ತಯಾರಿ. ಚಾರ್ಟು ಮೂರು, ಕಿವಿಯ ಮಾದರಿ ಒಂದು, ಶ್ರುತಿ ಕವೆ, ನೀರಿನ ಲೋಟಗಳು. ತೊಡಗಿಸಿಕೊಳ್ಳುವುದು, ಅನ್ವೇಷಿಸುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ, ಐದೂ ಹಂತಕ್ಕೆ ನಿಮಿಷ ಲೆಕ್ಕ ಹಾಕಿದ್ದೆ. ಅನ್ವೇಷಣೆಯ ಆರನೆಯ ನಿಮಿಷದಲ್ಲಿ ಮೂರನೆಯ ಬೆಂಚಿನ ಹುಡುಗನೊಬ್ಬ ಜಾಮಿಟ್ರಿ ಬಾಕ್ಸಿನ ಮುಚ್ಚಳದ ಮೇಲೆ ಬೆರಳಿನಿಂದ ಟಕ್ ಟಕ್ ಬಡಿಯತೊಡಗಿದ. ಒಮ್ಮೆ ದಿಟ್ಟಿಸಿದೆ. ನಿಲ್ಲಿಸಿದ. ಮತ್ತೆ ಬಡಿದ. ಹಿಂದೆ ಸರ್ ಬರೆದುಕೊಳ್ಳುತ್ತಿರುವುದು ಕಾಣುತ್ತಿತ್ತು. “ಎದ್ದು ಆಚೆ ನಿಲ್ಲು” ಎಂದೆ. ಹೋದ. ಪಾಠ ಸರಿಯಾಗಿ ನಲವತ್ತು ನಿಮಿಷಕ್ಕೆ ಮುಗಿಯಿತು.

ವೀಕ್ಷಣಾ ಪುಸ್ತಕದಲ್ಲಿ ಬೋಧನೋಪಕರಣಕ್ಕೆ ಒಳ್ಳೆಯ ಅಂಕವೇ ಇತ್ತು. ಕೆಳಗೆ ಸರ್ ಒಂದು ಸಾಲು ಬರೆದಿದ್ದರು: ಶಬ್ದದ ಪಾಠದಲ್ಲಿ ಶಬ್ದ ಮಾಡುತ್ತಿದ್ದ ಒಬ್ಬನೇ ವಿದ್ಯಾರ್ಥಿಯನ್ನು ಹೊರಗೆ ಕಳಿಸಿದ್ದೀರಿ.

ಬಸ್ಸಿನಲ್ಲಿ ಆ ಸಾಲನ್ನು ಓದುವಾಗ ಹುಡುಗನ ಮುಖಕ್ಕಿಂತ ಮೊದಲು ಅಕ್ಕನ ಮುಖ ನೆನಪಾಯಿತು. ಮನೆಗೆ ಹೋಗಿ, “ಪಾಪುಗೆ ಚರ್ಚಲ್ಲಿ ಆಡಕ್ಕೆ ಏನಾದ್ರೂ ಮಾಡ್ಕೊಡ್ತೀನಿ ಅಕ್ಕ” ಎಂದೆ. ಕ್ಷಮೆ ಕೇಳಲು ಬಾಯಿ ಬರಲಿಲ್ಲ.

ಮೊದಲು ಮಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅಂಗಡಿಯ ದಪ್ಪ ಬಟ್ಟೆ, ಅದರ ಮೇಲೆ ಫೆಲ್ಟಿನಲ್ಲಿ ಕತ್ತರಿಸಿದ ನೋಹನ ನಾವೆ, ಆನೆ, ಜಿರಾಫೆ, ಮಳೆಬಿಲ್ಲು. ಬೆತ್ಲೆಹೇಮಿನ ನಕ್ಷತ್ರಕ್ಕೆ ಚಮಕಿ. ಮೀನಿನ ಕಣ್ಣಿಗೆ ಮಣಿ. ಅರ್ಧ ಹೊಲಿಗೆ, ಅರ್ಧ ಫೆವಿಕಾಲ್. ಕೆಳಗೆ ದಪ್ಪ ಅಕ್ಷರದಲ್ಲಿ ‘ದೇವರು ಪ್ರೀತಿ’ ಎಂದು ಬರೆದೂ ಇದ್ದೆ. ಫೋಟೋ ಚೆನ್ನಾಗಿ ಬಂತು. ಸಹಪಾಠಿಗಳು ಹೊಗಳಿದರು. ಪಾಪುವಿನ ಮುಂದೆ ಹಾಸಿದಾಗ ಅವನು ಆನೆಯನ್ನು ನೋಡಲಿಲ್ಲ, ನಾವೆಯನ್ನೂ ನೋಡಲಿಲ್ಲ. ಹಿಂಬದಿ ಜೋತುಬಿದ್ದಿದ್ದ ದಾರದ ಒಂದು ಎಳೆ ಹಿಡಿದು ಕಾಲು ಗಂಟೆ ಎಳೆದ. ಆಮೇಲೆ ನಕ್ಷತ್ರವನ್ನು ಬಾಯಿಗಿಟ್ಟ. ಅಕ್ಕ ಓಡಿಬಂದು ಅವನ ಬಾಯೊಳಗೆ ಬೆರಳು ಹಾಕಿ ಮೂರು ಚಮಕಿ ತೆಗೆದಳು. ಒಂದು ಅಂಗುಳಿಗೆ ಅಂಟಿಕೊಂಡಿತ್ತು. ಅವಳ ಕೈ ನಡುಗುತ್ತಿತ್ತು. “ಇದನ್ನ ಯಾರಿಗೆ ಅಂತ ಮಾಡ್ದೆ?” ಎಂದು ಕೇಳಿದಳು. ಬೈಯಲಿಲ್ಲ. ಕೇಳಿದಳು ಅಷ್ಟೆ.

ಯಾರಿಗೆ? ನನ್ನ ಮೂರು ಚಾರ್ಟುಗಳು ಯಾರಿಗಿದ್ದವೋ ಅವರಿಗೆ. ಹಿಂದೆ ಕೂತು ನೋಡುವವರಿಗೆ.

ಕೌದಿಯ ಯೋಚನೆ ಬಂದದ್ದು ಹಾಸ್ಟೆಲಿನಲ್ಲಿ. ನನ್ನ ಕೋಣೆಯ ಗೆಳತಿ ಹಳಿಯಾಳದ ಕಡೆಯವಳು. ಅವಳ ಅಮ್ಮ ಸಿದ್ದಿ ಹೆಂಗಸೊಬ್ಬರಿಂದ ಕೊಂಡ ಒಂದು ಚಿಕ್ಕ ಕೌದಿ ಅವಳ ಹಾಸಿಗೆಯ ಮೇಲಿರುತ್ತಿತ್ತು. ಎರಡು ವರ್ಷ ಅದನ್ನು ನೋಡಿಯೂ ನೋಡಿರಲಿಲ್ಲ. ಆ ದಿನ ಬಿಡಿಸಿ ನೋಡಿದೆ. ಶತಮಾನಗಳ ಹಿಂದೆ ಆಫ್ರಿಕಾದಿಂದ, ಬಹುಮಟ್ಟಿಗೆ ಗೋವೆಯ ಮೂಲಕ, ಬಂದವರ ಸಂತತಿ ಈ ಸಿದ್ದಿಗಳು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಡೆಯ ಕಾಡಂಚಿನಲ್ಲಿ ಇದ್ದಾರೆ. ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು. ಅವರ ಕೌದಿಗಳನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಹಳೆಯ ಸೀರೆ, ಅಂಗಿ, ಲಂಗದ ಚೂರುಗಳನ್ನು ಅಂಚಿನಿಂದ ಶುರುಮಾಡಿ ಒಳಕ್ಕೆ ನಡುವಿನವರೆಗೆ ಹೊಲಿಯುತ್ತ ಹೋಗುವುದು ಅವರ ಪದ್ಧತಿ. ಕ್ರೈಸ್ತ ಸಿದ್ದಿಗಳ ಕೌದಿಯಲ್ಲಿ ಶಿಲುಬೆಯ ತೇಪೆ, ಮುಸ್ಲಿಂ ಸಿದ್ದಿಗಳದ್ದರಲ್ಲಿ ಅರ್ಧಚಂದ್ರ ಕಾಣುವುದುಂಟು. ನಾಲ್ಕು ಮೂಲೆಗೆ ಬಟ್ಟೆಯನ್ನು ಮಡಿಸಿ ಮಡಿಸಿ ಮಾಡಿದ ದಪ್ಪ ತ್ರಿಕೋನಗಳು. ಅದಕ್ಕೆ ‘ಫುಲಾ’ ಎನ್ನುತ್ತಾರೆ, ಹೂವು. ಫುಲಾ ಇಲ್ಲದ ಕೌದಿ ಬೆತ್ತಲೆ ಎಂಬುದು ಅವರ ಮಾತು.

ಗೆಳತಿಯ ಕೌದಿಯ ಒಂದು ಮೂಲೆಯ ಫುಲಾ ಸವೆದು ಮೆತ್ತಗಾಗಿತ್ತು. “ನನ್ನ ತಮ್ಮ ಚೀಪಿದ್ದು” ಎಂದಳು.

ಆ ಮಾತು ನನಗೆ ಯಾವ ತರಗತಿಯಲ್ಲೂ ಸಿಗದ ಸೂಚನೆ ಕೊಟ್ಟಿತು. ನೋಟ್ಸಿನಲ್ಲಿ ಇದ್ದದ್ದೇ: ಪಿಯಾಜೆಯ ಸಂವೇದನಾ-ಗತಿ ಹಂತ, ಹುಟ್ಟಿನಿಂದ ಎರಡು ವರ್ಷ. ಮಗು ಬಾಯಿಂದ, ಕೈಯಿಂದ, ಚರ್ಮದಿಂದ ಲೋಕವನ್ನು ತಿಳಿಯುತ್ತದೆ. ಫ್ರೋಬೆಲ್ ತನ್ನ ‘ಉಡುಗೊರೆ’ಗಳಲ್ಲಿ ಮೊದಲನೆಯದಾಗಿ ಕೊಟ್ಟದ್ದು ದಾರ ಕಟ್ಟಿದ ಆರು ಉಣ್ಣೆಯ ಚೆಂಡು. ಅಕ್ಷರವಲ್ಲ, ಚಿತ್ರವೂ ಅಲ್ಲ. ಪರೀಕ್ಷೆಯಲ್ಲಿ ಇದನ್ನು ಹತ್ತು ಅಂಕಕ್ಕೆ ಬರೆದಿದ್ದೆ. ಬರೆದ ಕೈಯೇ ಚಮಕಿ ಅಂಟಿಸಿತ್ತು.

ದಸರಾ ರಜೆಯಲ್ಲಿ ಊರಿಗೆ ಹೋದವಳು ಅಜ್ಜಿಯ ಮುಂದೆ ಕೂತೆ. ಅಜ್ಜಿ ಕೌದಿ ಎನ್ನುವುದಿಲ್ಲ, ಬೊಂತೆ ಎನ್ನುತ್ತಾಳೆ. ಅವಳ ಕಣ್ಣು ಮಂಜು. ದಾರ ಪೋಣಿಸುವ ಕೆಲಸ ನನ್ನದು, ಹೊಲಿಗೆ ಕಲಿಸುವುದು ಅವಳದು. ಮೊದಲ ದಿನ ನನ್ನ ಹೊಲಿಗೆಯನ್ನೆಲ್ಲ ಬೆರಳಿನಿಂದ ಸವರಿ ನೋಡಿ, ಕಣ್ಣಿಲ್ಲದೆಯೇ, “ಇಲ್ಲಿಂದ ಇಲ್ಲಿಗೆ ಬಿಚ್ಚು” ಎಂದಳು. ಮೂರು ಸಲ ಬಿಚ್ಚಿಸಿದಳು. ಸೂಕ್ಷ್ಮ ಬೋಧನೆಯಲ್ಲಿ ಬೋಧಿಸು, ವಿಮರ್ಶಿಸು, ಮತ್ತೆ ಬೋಧಿಸು ಎಂದು ಕಲಿತ ಚಕ್ರವನ್ನು ಅಜ್ಜಿ ಯಾವ ಕಾಲೇಜಿಗೂ ಹೋಗದೆ ತಿರುಗಿಸುತ್ತಿದ್ದಳು. ಅವಳಿಗೆ ಇದನ್ನು ಹೇಳಿದಾಗ, “ದಾರ ಉದ್ದ ಆಯ್ತು, ಗಂಟು ಬೀಳ್ತದೆ” ಎಂದಳಷ್ಟೆ.

ಬಟ್ಟೆಯೆಲ್ಲ ಮನೆಯದು. ಅಪ್ಪನ ಪಂಚೆ, ಅಜ್ಜಿಯ ನೂಲಿನ ಸೀರೆ, ಅಕ್ಕ ಬಸಿರಿದ್ದಾಗ ತೊಡುತ್ತಿದ್ದ ನೈಟಿ. ಮಗು ಚೀಪುವುದರಿಂದ ಬಣ್ಣ ಬಿಡುವ ಬಟ್ಟೆ ಆಗದು. ಪ್ರತಿ ಚೂರನ್ನೂ ಒದ್ದೆ ಮಾಡಿ ಬಿಳಿ ಬಟ್ಟೆಗೆ ಉಜ್ಜಿ ನೋಡಿದೆ. ಕೆಂಪು ಸೀರೆ ಬಣ್ಣ ಬಿಟ್ಟಿತು, ಅದನ್ನು ತೆಗೆದಿಟ್ಟೆ. ಬಿ.ಎಸ್ಸಿ.ಯ ರಸಾಯನಶಾಸ್ತ್ರ ಇಷ್ಟಕ್ಕಾದರೂ ಉಪಯೋಗವಾಯಿತು. ಗುಂಡಿ ಇಲ್ಲ, ಮಣಿ ಇಲ್ಲ, ಅಂಟು ಇಲ್ಲ. ಕಿತ್ತು ಬಂದರೆ ಬಾಯೊಳಗೆ ಪೂರ್ತಿ ಹಿಡಿಯುವಂಥದ್ದು ಏನೂ ಇರಕೂಡದು. ಲಾಡಿಗಳು ಒಂದು ಗೇಣಿಗಿಂತ ಚಿಕ್ಕವಿರಬೇಕು, ಉದ್ದವಾದರೆ ಕುತ್ತಿಗೆಗೆ ಸುತ್ತಿಕೊಂಡೀತು. ಪ್ರತಿಯೊಂದು ಜೋಡಣೆಗೂ ಐದು ಕೆ.ಜಿ. ಅಕ್ಕಿಯ ಚೀಲ ನೇತುಹಾಕಿ ಎಳೆದು ನೋಡಿದೆ. ಎರಡು ಕಿತ್ತುಬಂದವು. ಮತ್ತೆ ಹೊಲಿದೆ. ಇದನ್ನು ತೊಟ್ಟಿಲಲ್ಲಿ ಹಾಸಿ ಮಲಗಿಸಬಾರದು, ಯಾರಾದರೂ ಜೊತೆಗಿದ್ದಾಗ ನೆಲದ ಮೇಲೆ ಆಡಲು ಮಾತ್ರ ಎಂದು ಅಕ್ಕನಿಗೆ ಹೇಳಿಟ್ಟೆ.

ಇನ್ನೊಂದು ಕಟ್ಟುಪಾಡು ಆರಾಧನೆಯದು, ಸದ್ದಾಗಬಾರದು. ಪೇಟೆಯಲ್ಲಿ ಸಿಗುವ ಮಕ್ಕಳ ಆಟಿಕೆಗಳಲ್ಲಿ ಸದ್ದು ಮಾಡದ್ದು ಸಿಕ್ಕುವುದೇ ಕಷ್ಟ: ಗಿಲಕಿ, ಗೆಜ್ಜೆ, ಒತ್ತಿದರೆ ಕೀಚ್ ಎನ್ನುವ ಬಾತು. ಸದ್ದಿಲ್ಲದೆ ಎಂಟು ತಿಂಗಳ ಮಗುವಿನ ಗಮನವನ್ನು ಹಿಡಿಯಬೇಕು. ಪ್ರಚೋದನಾ ಬದಲಾವಣೆಯ ಕೌಶಲದಲ್ಲಿ ನಾವು ಧ್ವನಿಯ ಏರಿಳಿತಕ್ಕೇ ಹೆಚ್ಚು ಒತ್ತು ಕೊಡುತ್ತೇವೆ. ಧ್ವನಿಯನ್ನು ತೆಗೆದುಬಿಟ್ಟರೆ ಉಳಿಯುವುದೇನು ಎಂದು ನಾನು ಯೋಚಿಸಿದ್ದೇ ಇಲ್ಲ. ಉಳಿದದ್ದು ನುಣುಪು, ಒರಟು, ಗಂಟು, ಮಡಿಕೆ, ಎಳೆದರೆ ಬರುವುದು, ಎತ್ತಿದರೆ ಕಾಣುವುದು.

ಹಾಗೆ ಎರಡು ಮೊಳ ಚೌಕದ ಬೊಂತೆ ಆಯಿತು. ಬೆತ್ಲೆಹೇಮಿನ ನಕ್ಷತ್ರ ಈಗ ಐದು ಫುಲಾಗಳು ಸೇರಿದ ಒಂದು ಗಟ್ಟಿ ಹೂವು, ಚೀಪಲಿಕ್ಕೆ. ಯೋನನ ಮೀನಿನ ಬಾಯಿ ಒಂದು ಜೇಬು, ಕೈ ತೂರಿಸಿದರೆ ಒಳಗೆ ಟವೆಲಿನ ಒರಟು ಬಟ್ಟೆ. ನೋಹನ ಮಳೆಬಿಲ್ಲು ಏಳು ಚಿಕ್ಕ ಲಾಡಿ, ಒಂದೊಂದರ ತುದಿಗೆ ಒಂದೊಂದು ಬಗೆಯ ಗಂಟು. ಶಿಲುಬೆ ನಡುವಿನಲ್ಲಿ, ನಮ್ಮ ಗರಿಗಳ ಭಾನುವಾರ ತೆಂಗಿನ ಸುಳಿಗರಿಯಲ್ಲಿ ಮಡಚುವ ಶಿಲುಬೆಯ ಆಕಾರದಲ್ಲೇ, ಹಸಿರು ಅಂಚಿನ ಪಂಚೆಯಲ್ಲಿ. ಇನ್ನೊಂದು ತೇಪೆ ಕುರಿಗಳದ್ದು. ನೂರು ಕುರಿಯ ಕಥೆ ಅದು. ನೂರು ಹೊಲಿಯಲು ನನಗೆ ತಾಳ್ಮೆಯಿರಲಿಲ್ಲ, ಒಂಬತ್ತು ಹೊಲಿದೆ. ಹತ್ತನೆಯದು ಒಂದು ಬಟ್ಟೆಯ ಮುಚ್ಚಳದ ಕೆಳಗೆ ಅವಿತಿದೆ. ಅದರ ಪಕ್ಕದಲ್ಲಿ ಅಂಥದೇ ಇನ್ನೊಂದು ಮುಚ್ಚಳ, ಅದರ ಕೆಳಗೆ ಏನೂ ಇಲ್ಲ. ಆ ಹತ್ತನೆಯ ಕುರಿಗೆ ಮಾತ್ರ ಲಾಡಿ ಕಟ್ಟಿ, ಎತ್ತಿ ಪಕ್ಕದ ಮುಚ್ಚಳಕ್ಕೂ ಸೇರಿಸುವಂತೆ ಮಾಡಿದ್ದೆ. ಯಾಕೆಂದು ಮುಂದೆ ಹೇಳುತ್ತೇನೆ.

ಕಚ್ಚಲಿಕ್ಕೆ ಗಟ್ಟಿಯಾದದ್ದು ಒಂದು ಬೇಕಿತ್ತು. ಹಲ್ಲು ಬರುವ ಸಮಯ. ರಜೆ ಮುಗಿದು ಶಾಲೆಗೆ ಹೋದಾಗ ಆ ಜಾಮಿಟ್ರಿ ಬಾಕ್ಸಿನ ಹುಡುಗನ ಕೈಯಲ್ಲಿ ತೆಂಗಿನ ಚಿಪ್ಪಿನ ಒಂದು ಉಂಗುರ ಕಂಡಿತು, ಬಳೆಯಷ್ಟು ಅಗಲ. ಹ್ಯಾಕ್ಸಾ ಬ್ಲೇಡಿನಲ್ಲಿ ಚಿಪ್ಪನ್ನು ಸುತ್ತಲೂ ಕೊಯ್ದು ತಾನೇ ಮಾಡಿದ್ದ. ಅವನ ಅಪ್ಪ ಕಾಯಿ ಸುಲಿಯುವವರು, ಇವನು ಬೆಳಗ್ಗೆ ಅವರ ಜೊತೆ ಮಟ್ಟೆ ಎತ್ತಿಹಾಕಿ ಶಾಲೆಗೆ ಬರುತ್ತಾನೆ. ಅಂಥದೊಂದು ಮಾಡಿಕೊಡುತ್ತೀಯಾ ಎಂದು ಕೇಳಿದೆ. “ಯಾರಿಗೆ ಮಿಸ್?” ಎಂದ. ಹೇಳಿದೆ. “ಪಾಪು ಕಚ್ತದಾ?” ಎಂದು ಯೋಚಿಸಿದ. ಎರಡು ದಿನ ಬಿಟ್ಟು ತಂದುಕೊಟ್ಟದ್ದು ಗಾಜಿನಷ್ಟು ನುಣುಪಾಗಿತ್ತು, ಅಂಚೆಲ್ಲ ಉರುಟು. ಮೂರು ಬಗೆಯ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಕೊಬ್ಬರಿ ಎಣ್ಣೆ ಸವರಿದ್ದ. ನಾನು ಕೆನ್ನೆಗೆ ಉಜ್ಜಿ ನೋಡಿದೆ, ತುಟಿಗೆ ಇಟ್ಟು ನೋಡಿದೆ. ಆಮೇಲೆ ಅವನು ಅದನ್ನು ಬೆಂಚಿಗೆ ಬಡಿದು, “ಇದು ಚಿಪ್ಪು ಪೂರ್ತಿ ಇದ್ದಾಗ ಬೇರೆ ಸೌಂಡು, ಕೊಯ್ದ ಮೇಲೆ ಬೇರೆ ಸೌಂಡು ಮಿಸ್. ಅಟ್ಟದ ಕಾಯಿ ಅಲ್ಲಾಡಿಸಿದ್ರೆ ಗಿಟುಕಾಗಿದೆಯೋ ಇಲ್ವೋ ಗೊತ್ತಾಗಲ್ವಾ, ಹಂಗೆ” ಎಂದ.

ನಾನು ಕೊಬ್ಬರಿ ಮನೆಯ ಹುಡುಗಿ. ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಒಳಗಿನ ತಿರುಳು ಚಿಪ್ಪು ಬಿಟ್ಟು ಉರುಳುವುದನ್ನು ಕೇಳುವುದು ಐದು ವರ್ಷಕ್ಕೇ ಗೊತ್ತಿತ್ತು. ಶ್ರುತಿ ಕವೆಯನ್ನು ಹುಡುಕಿಕೊಂಡು ಕಾಲೇಜಿನ ಲ್ಯಾಬಿಗೆ ಹೋಗಿದ್ದೆ, ಅಟ್ಟ ಹತ್ತಿರಲಿಲ್ಲ. ಅವತ್ತು ಅವನ ಹತ್ತಿರ, “ಆವತ್ತು ನಿನ್ನ ಆಚೆ ಕಳಿಸಿದ್ದು ತಪ್ಪಾಯ್ತು ಕಣೋ” ಎಂದೆ. ಅವನಿಗೆ ಏನು ಮಾಡಬೇಕೋ ತಿಳಿಯದೆ ಕಿಟಕಿ ನೋಡಿದ. ಅಕ್ಕನಿಗೆ ಹೇಳಬೇಕಾದ ಮಾತನ್ನು ಮೊದಲು ಇವನಿಗೆ ಹೇಳಿದ್ದು ಸುಲಭವಾಗಿತ್ತು ಎಂಬುದನ್ನೂ ಬರೆದುಬಿಡುತ್ತೇನೆ.

ಮನೆಯಲ್ಲಿ ಅಪ್ಪನ ಆಕ್ಷೇಪಣೆ. “ದೇವರ ಮನೇಲಿ ಆಟದ ಸಾಮಾನು ಹರಡ್ತೀರಾ? ನಮ್ಮನ್ನೆಲ್ಲ ಸುಮ್ನೆ ಕೂತ್ಕೊಳಕ್ಕೆ ಕಲಿಸ್ಲಿಲ್ವಾ?” ಅಪ್ಪನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮೌನದಲ್ಲಿ ಕೂರುವುದೂ ಒಂದು ಕಲಿಕೆ. ನನಗೂ ಆ ಮೌನ ಇಷ್ಟ. ಆದರೆ ಎಂಟು ತಿಂಗಳಿಗಲ್ಲ. ಅಜ್ಜಿ ಮೂಲೆಯಿಂದ, “ನೀನು ಸುಮ್ನೆ ಕೂತಿದ್ಯಾ? ನನ್ನ ಸೆರಗು ಪೂರ್ತಿ ಚೀಪಿ ಚೀಪಿ ತೂತು ಮಾಡಿದ್ದೆ” ಎಂದಳು. ಅಯ್ಯನವರನ್ನು ಕೇಳಿದಾಗ ಅವರು ಬೊಂತೆಯನ್ನು ಕೈಯಲ್ಲಿ ಹಿಡಿದು, ಮೀನಿನ ಬಾಯಲ್ಲಿ ಬೆರಳು ಹಾಕಿ ನೋಡಿ, “ಕೊನೆಯ ಸಾಲಲ್ಲಿ ಬೇಡ, ಮುಂದೆ ಹಾಸಿ” ಎಂದರು. ಮಕ್ಕಳಿಗೆ ಮುಂದಿನವರ ಬೆನ್ನು ಮಾತ್ರ ಕಂಡರೆ ಬೇಸರ ಬಾರದೆ ಇರುತ್ತದೆಯೇ ಎಂಬುದು ಅವರ ವಾದ. ಇದು ನಮ್ಮ ತರಗತಿಯ ಹಿಂದಿನ ಬೆಂಚುಗಳಿಗೂ ಸಲ್ಲುತ್ತದೆ.

ಅಕ್ಕನನ್ನು ಒಪ್ಪಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಶನಿವಾರ ರಾತ್ರಿ ಬೊಂತೆಯ ಅಂಚು ಮುಗಿಸುತ್ತ, ತಲೆ ಎತ್ತದೆ, “ಆವತ್ತು ನಾನೂ ತಿರುಗಿ ನೋಡ್ದೆ ಅಕ್ಕ” ಎಂದೆ. “ಗೊತ್ತು” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಸೂಜಿ ಎಣಿಸಿಟ್ಕೊ, ಒಂದೂ ಒಳಗೆ ಉಳೀಬಾರದು” ಎಂದಳು. ಭಾನುವಾರ ಅವಳು ಸೀರೆ ಉಟ್ಟು ನಿಂತಿದ್ದಳು.

ಅಕ್ಟೋಬರ್ ಕೊನೆಯ ಭಾನುವಾರ. ನಾನು ಗಾಯನದವರನ್ನು ಬಿಟ್ಟು ಅಕ್ಕನ ಪಕ್ಕ ಕೂತೆ. ಮೊದಲ ಹಾಡಿಗೆ ಪಾಪು ಎಲ್ಲರ ಬಾಯಿಯನ್ನೇ ನೋಡಿದ. ವಾಕ್ಯ ಓದುವಾಗ ಲಾಡಿಯ ಗಂಟುಗಳನ್ನು ಒಂದೊಂದಾಗಿ ಹಿಡಿದ. ಹೆಬ್ಬೆರಳು ತೋರುಬೆರಳು ಸೇರಿಸಿ ಹಿಡಿಯುವುದು ಆಗತಾನೆ ಬರುತ್ತಿತ್ತು. ಪ್ರಸಂಗ ಶುರುವಾಗಿ ಹನ್ನೊಂದು ನಿಮಿಷ. ಗಡಿಯಾರ ನೋಡುತ್ತಿದ್ದೆ, ಅಭ್ಯಾಸಬಲ. ಹನ್ನೆರಡನೆಯದರಲ್ಲಿ ಚಿಪ್ಪಿನ ಉಂಗುರ ಕಚ್ಚುತ್ತ ಇದ್ದಕ್ಕಿದ್ದಂತೆ ಹಿಗ್ಗಿನಿಂದ ಕೂಗಿದ. ಅದೇ ಆಗಸ್ಟಿನ ಕೂಗು. ಅಕ್ಕ ಬೊಂತೆಯ ಅಂಚು ಹಿಡಿದು ಏಳಲು ಹೊರಟಳು. ಮುಂದಿದ್ದ ಅದೇ ಹಿರಿಯ ಅಜ್ಜಿ ತಿರುಗಿದರು. ನನ್ನ ಎದೆ ಡವಡವ ಎಂದಿತು. ಅವರು ಕೈ ಚಾಚಿ ಕುರಿಯ ಮುಚ್ಚಳ ಎತ್ತಿದರು, ಮುಚ್ಚಿದರು, ಎತ್ತಿದರು. ಪಾಪು ಬಾಯಿ ಬಿಟ್ಟು ನೋಡಿದ. ಉಳಿದ ಪ್ರಸಂಗವನ್ನು ಅವರು ಅರ್ಧ ಬೆನ್ನು ಅಯ್ಯನವರ ಕಡೆಗೆ ಮಾಡಿ ಕೇಳಿದರು.

ಈಗ ಆ ಎರಡನೆಯ ಮುಚ್ಚಳದ ವಿಷಯ. ಕಣ್ಣಿಗೆ ಮರೆಯಾದ ವಸ್ತುವೂ ಇನ್ನೂ ಇದೆ ಎಂದು ತಿಳಿದು ಮಗು ಅದನ್ನು ಹುಡುಕತೊಡಗುವುದು ಸುಮಾರು ಎಂಟು ತಿಂಗಳಿಗೆ ಎಂದು ಪಿಯಾಜೆ ಹೇಳಿದ. 1980ರ ದಶಕದಲ್ಲಿ ರೆನೇ ಬೈಯಾರ್ಜನ್ ಮೊದಲಾದವರು ಮಗು ಎಷ್ಟು ಹೊತ್ತು ದಿಟ್ಟಿಸುತ್ತದೆ ಎಂಬುದನ್ನು ಅಳೆದು, ಆ ತಿಳಿವು ಇನ್ನೂ ಮೊದಲೇ ಇರುತ್ತದೆ ಎಂದು ತೋರಿಸಿದರು. ಕೈ ಚಾಚಿ ಹುಡುಕುವುದು ಮಾತ್ರ ತಡ. ಸೆಪ್ಟೆಂಬರಿನಲ್ಲಿ ಪಾಪುವಿನ ಎದುರೇ ಕುರಿಯ ಗೊಂಬೆಯನ್ನು ಟವೆಲಿನಿಂದ ಮುಚ್ಚಿದರೆ ಅವನು ಬೇರೆಡೆ ನೋಡುತ್ತಿದ್ದ, ಕುರಿ ಇರಲೇ ಇಲ್ಲ ಎಂಬಂತೆ. ಅಕ್ಟೋಬರಿನಲ್ಲಿ ಮುಚ್ಚಳ ಎಳೆದ. ನವೆಂಬರಿನಲ್ಲಿ ನಾನು ಇನ್ನೊಂದು ಆಟ ಮಾಡಿದೆ. ನಾಲ್ಕು ಸಲ ಮೊದಲ ಮುಚ್ಚಳದ ಕೆಳಗೆ ಕುರಿ, ನಾಲ್ಕು ಸಲವೂ ಅವನು ತೆಗೆದ. ಐದನೆಯ ಸಲ, ಅವನು ನೋಡುತ್ತಿರುವಂತೆಯೇ, ಎರಡನೆ ಮುಚ್ಚಳದ ಕೆಳಗೆ ಇಟ್ಟೆ. ಅವನು ಮೊದಲನೆಯದನ್ನೇ ಎತ್ತಿ ನೋಡಿದ! ಪಿಯಾಜೆ ಬರೆದದ್ದು ಹೀಗೆಯೇ. ಪುಸ್ತಕದಲ್ಲಿ ಓದಿದಾಗ ನಾನು ನಂಬಿರಲಿಲ್ಲ. ಕುರಿ ಹಿಂದೆ ಎಲ್ಲಿ ಸಿಕ್ಕಿತ್ತೋ ಅಲ್ಲೇ ಹುಡುಕುತ್ತಾನೆ. ಕ್ರಿಸ್‌ಮಸ್ ಕಳೆದ ಮೇಲೆ ತಪ್ಪದೆ ಎರಡನೆಯದಕ್ಕೆ ಕೈ ಹಾಕತೊಡಗಿದ. ಇದನ್ನೆಲ್ಲ ತಾರೀಖು ಹಾಕಿ ಘಟನಾ ದಾಖಲೆಯಾಗಿ ಬರೆದಿಟ್ಟಿದ್ದೇನೆ. ಒಂದೇ ಮಗುವಿನದು, ಅದರಿಂದ ದೊಡ್ಡ ಮಾತು ಹೇಳಲಾಗದು.

‘ಇದರಿಂದ ಮಗುವಿಗೆ ದೇವರ ವಿಷಯ ಏನು ತಿಳಿಯಿತು?’ ಎಂದು ಸಹಪಾಠಿಯೊಬ್ಬಳು ಕೇಳಿದಳು. ಏನೂ ಇಲ್ಲ ಎಂದೇ ಹೇಳಬೇಕು. ಕುರುಬ, ನಾವೆ, ಶಿಲುಬೆ ಅವನಿಗೆ ಬರೀ ಬಟ್ಟೆ. ಆದರೆ ಕಾಣದಿದ್ದರೂ ಇದೆ ಎಂದು ಹುಡುಕುವುದು, ಸಿಕ್ಕಾಗ ಕೂಗುವುದು, ಆ ಕೂಗಿಗೆ ಪಕ್ಕದವರು ನಗುವುದು, ಇಷ್ಟನ್ನು ಅವನು ಆ ಕಟ್ಟಡದೊಳಗೆ ಕಲಿತ. ಕಥೆ ಆಮೇಲೆ ಬರಲಿ. ಕಥೆಯನ್ನು ನಿಜವಾಗಿ ಕೇಳಿದವಳು ಪಕ್ಕದ ಮನೆಯ ನಾಲ್ಕು ವರ್ಷದ ಹುಡುಗಿ. ಬೊಂತೆಯ ಅಂಚಿನಲ್ಲಿ ಕೂತು, “ಒಂಬತ್ತು ಕುರೀನ ಒಂದೇ ಬಿಟ್ಟು ಹೋದ್ರೆ ಅವನ್ನ ತೋಳ ತಿನ್ನಲ್ವಾ?” ಎಂದು ಪ್ರಸಂಗದ ನಡುವೆ ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಅಯ್ಯನವರೂ ನಕ್ಕು ಮುಂದೆ ಹೋದರು.

ಎಲ್ಲ ಭಾನುವಾರವೂ ಚೆನ್ನಾಗಿರಲಿಲ್ಲ. ಜನವರಿಯಲ್ಲಿ ಹಲ್ಲಿನ ನೋವಿಗೆ ಅವನು ಬೊಂತೆಯನ್ನು ಒದ್ದು ಅತ್ತ, ಅಕ್ಕ ಹೊರಗೆ ಹೋಗಬೇಕಾಯಿತು. ಆದರೆ ಆವತ್ತು ಇನ್ನಿಬ್ಬರು ಅವಳ ಜೊತೆ ಎದ್ದು ಹೋದರು. ಒಬ್ಬರು ಮಾತ್ರ ಈಗಲೂ ‘ಚರ್ಚು ಅಂಗನವಾಡಿ ಆಯ್ತು’ ಎನ್ನುತ್ತಾರೆ.

ಈ ಬೊಂತೆಯನ್ನು ನಾನು ಶಾಲೆಗೆ ಒಯ್ಯಲಿಲ್ಲ. ಬೋಧನೋಪಕರಣ ಪ್ರದರ್ಶನಕ್ಕೆ ತನ್ನಿ ಎಂದು ಮಾರ್ಗದರ್ಶಿ ಶಿಕ್ಷಕರು ಕರೆದರು. ಅದು ನಮ್ಮ ಆರಾಧನೆಯ ವಸ್ತು, ತರಗತಿಯಲ್ಲಿ ಎಲ್ಲ ಮನೆಯ ಮಕ್ಕಳಿರುತ್ತಾರೆ ಎಂದು ಬೇಡವೆಂದೆ. ಶಾಲೆಗೆ ತೆಗೆದುಕೊಂಡು ಹೋದದ್ದು ಅಟ್ಟದ ಕಾಯಿ ಇಪ್ಪತ್ತು: ಹಸಿಯದು, ಅರ್ಧ ಒಣಗಿದ್ದು, ಗಿಟುಕಾದದ್ದು. ಶಬ್ದ ಪಾಠದ ಪುನರ್ಬೋಧನೆ ಅದರಲ್ಲೇ ಮಾಡಿದೆ. ಚಾರ್ಟು ಇರಲಿಲ್ಲ. ಜಾಮಿಟ್ರಿ ಬಾಕ್ಸಿನ ಹುಡುಗ ಕಣ್ಣು ಮುಚ್ಚಿಕೊಂಡು ಇಪ್ಪತ್ತರಲ್ಲಿ ಹದಿನೆಂಟನ್ನು ಸರಿಯಾಗಿ ವಿಂಗಡಿಸಿದ. ತರಗತಿಯ ಗಲಾಟೆಗೆ ಪಕ್ಕದ ಕೋಣೆಯ ಶಿಕ್ಷಕರು ಬಂದು ನೋಡಿ ಹೋದರು. ಪಾಠ ನಲವತ್ತು ನಿಮಿಷಕ್ಕೆ ಮುಗಿಯಲಿಲ್ಲ. ಮೌಲ್ಯಮಾಪನ ಉಳಿದುಹೋಯಿತು.

ಪಾಪುವಿಗೆ ಈಗ ಹದಿನಾಲ್ಕು ತಿಂಗಳು, ನಡೆಯುತ್ತಾನೆ. ಗರಿಗಳ ಭಾನುವಾರ ಎಲ್ಲರ ಕೈಯಲ್ಲೂ ತೆಂಗಿನ ಸುಳಿಗರಿ ಇತ್ತು. ಮೆರವಣಿಗೆ ಒಳಗೆ ಬರುವಾಗ ಅವನು ಅಕ್ಕನ ಕೈ ಬಿಡಿಸಿಕೊಂಡು, ಬೊಂತೆಯನ್ನು ಒಂದು ಮೂಲೆ ಹಿಡಿದು ಜಮಖಾನದ ಮೇಲೆ ದರದರ ಎಳೆಯುತ್ತ ಮುಂದೆ ಹೋದ. ಹಿರಿಯ ಅಜ್ಜಿಯ ಮುಂದೆ ನಿಂತು ಅದನ್ನು ಅವರ ಮಡಿಲಿಗೆ ಹಾಕಿದ. ಅವರು ತಮ್ಮ ಗರಿಯನ್ನು ಕೆಳಗಿಟ್ಟು ಕುರಿಯ ಮುಚ್ಚಳ ಎತ್ತಿದರು. ಕುರಿಯ ಒಂದು ಕಿವಿ ಪೂರ್ತಿ ಸವೆದಿದೆ, ಎಳೆದರೆ ಕಿತ್ತುಬರುವಂತಿದೆ. ಈ ರಜೆಯಲ್ಲಿ ಹೊಲಿಯಬೇಕು. ದಾರ ಪೋಣಿಸಿಡು, ಉದ್ದ ಬೇಡ ಎಂದು ಅಜ್ಜಿ ಆಗಲೇ ಹೇಳಿಯಾಗಿದೆ.